ಎತ್ತರದ ಜೀಪಿಗೊಂದು ಜ್ಯಾಕ್

"ಒಂದ್ ಜ್ಯಾಕ್ ಬೇಕಾಗಿತ್ರಿ."

ದನಿ ಕೇಳಿ ಕಾಶಿನಾಥ ತಟ್ಟನೆ ತಲೆ ಎತ್ತಿದ. ಗೋಕಾಕದ ಅವನ ಸ್ಪೇರ್ ಪಾರ್ಟ್ಸ್ ಅಂಗಡಿಯ ಎದುರು ಅವನ ಹೆಂಡತಿ ನಿಂತಿದ್ದಳು. ಮನೆ ಬಿಟ್ಟು ಹುಕ್ಕೇರಿಗೆ ಹೋದ ಮೇಲೆ ದಾಕ್ಷಾಯಿಣಿ ಇತ್ತ ಬಂದದ್ದು ಇದೇ ಮೊದಲು.

"ಹುಕ್ಕೇರ್‍ಯಾಗ ಸಿಗಲಿಲ್ಲೇನ್?"

ಹುಕ್ಕೇರಿಯಲ್ಲೂ ಅಂಗಡಿಗಳಿದ್ದವು. ಇಲ್ಲಿಗೇ ಯಾಕೆ ಬಂದೆ ಎಂಬುದು ಅವಳಿಗೇ ತಿಳಿದಿರಲಿಲ್ಲ.

ನಾನು ಬಂದದ್ದು ಇವನಿಗೆ ಬೇಡವಾಗಿದೆ... ಅಂದುಕೊಂಡಳು. ಎದೆಯಲ್ಲಿ ನೋವಿಗಾಗಿ ಹುಡುಕಿದಳು. ಅದೂ ಸಿಗಲಿಲ್ಲ.

ಅವರಿಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ. ಏಳು ತಿಂಗಳಿಗೆ ಹುಟ್ಟಿದ ಮಗು ಉಸಿರಾಡಲಿಲ್ಲ, ಅಷ್ಟೇ. ದಾಕ್ಷಾಯಿಣಿ ಅಳಲಿಲ್ಲ. ಹೊತ್ತು ಹೊತ್ತಿಗೆ ಉಂಡಳು, ಮಲಗಿದಳು. ಕಾಶಿನಾಥ ಮರುದಿನವೇ ಅಂಗಡಿ ತೆರೆದ. ಅವಳು ಹುಕ್ಕೇರಿಯ ದನದ ಆಸ್ಪತ್ರೆಗೆ ವರ್ಗ ಕೇಳಿದಾಗ, "ಹೋಗು" ಅಂದ. ಅಲ್ಲಿಗೆ ಮಾತು ಮುಗಿದಿತ್ತು.

"ಜೀಪಿಗೇನ್?" ಅವನೇ ಕೇಳಿದ.

"ಹೂಂ. ಮೊನ್ನೆ ನಾಗನೂರಾಗ ಒಂದ್ ಎಮ್ಮಿ ನೋಡಾಕ ಹೋಗಿದ್ದೆ. ಕಬ್ಬಿನ ಹೊಲದಾಗ ಪಂಕ್ಚರ್ ಆತು. ಹಳೇ ಜ್ಯಾಕ್ ಪೂರಾ ಏರಿಸಿದ್ರೂ ಗಾಲಿ ಮ್ಯಾಲೇಳಲಿಲ್ಲ. ಜ್ಯಾಕೇ ಮಣ್ಣಾಗ ಇಳೀತು."

ಅವಳು ದನದ ಡಾಕ್ಟರು. ಕೆಸರಿನ ದಾರಿಗಳಿಗೆಂದೇ ಆ ಎತ್ತರದ ಫೋರ್ ವೀಲ್ ಜೀಪನ್ನು ಇಟ್ಟುಕೊಂಡಿದ್ದಳು.

ಕಾಶಿನಾಥ ಮೂಲೆಯಿಂದ ಉದ್ದ ಕಂಬದ ಜ್ಯಾಕ್ ತಂದ. "ಇದು ಎತ್ತರಕ್ಕ ಎತ್ತತೈತಿ. ಆದ್ರ ಹಿಡಿಕಿ ಕೈತಪ್ಪಿದ್ರ ಗದ್ದಕ್ಕ ಬಡೀತೈತಿ."

"ಗಾಡೀನೂ ಅಳ್ಳಾಡತೈತಿ. ಬ್ಯಾಡ್ರಿ. ಅಲ್ಲಿರೂ ಗಾಲಿ ಹಚ್ಚಿದ ಜ್ಯಾಕೂ ಬ್ಯಾಡ, ಹೊಲದಾಗ ಉರುಳಂಗಿಲ್ಲ."

ಕೊನೆಗೆ ಅವನು ದಪ್ಪ ಬುಡದ ಬಾಟಲಿ ಜ್ಯಾಕನ್ನು ಇಳಿಸಿದ. ಅದರ ತಲೆಯ ತಿರುಪು ಬಿಚ್ಚಿ ತೋರಿಸಿದ.

"ಹಿಂಗ ಬಿಚ್ಚಿದ್ರ ಇನ್ನೂ ಏರತೈತಿ. ಬುಡಕ್ಕ ಅಗಲ ಹಲಗಿ ಇಟ್ರ ಇಳಿಯಂಗಿಲ್ಲ. ಒಬ್ಬಾಕಿಗೇ ಆಗತೈತಿ. ಯಾರನ್ನೂ ಕರಿಯೂದ್ ಬ್ಯಾಡ."

ಯಾರನ್ನೂ... ಅಂದರೆ ಇವನನ್ನೂ ಕರೆಯಬಾರದು ಅಂತ!

"ಹಚ್ಚಿ ನೋಡತೇನ್ರಿ," ಎಂದಷ್ಟೇ ಹೇಳಿದಳು.

ಅಂಗಡಿಯ ಮುಂದೆ ಬಿಸಿಲಿತ್ತು. ಅವನು ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ಅವಳು ಮುಂದಿನ ಆಕ್ಸಲ್ ಕೆಳಗೆ ಹಲಗೆಯಿಟ್ಟು, ಜ್ಯಾಕ್ ನಿಲ್ಲಿಸಿ, ಹಿಡಿಕೆ ಒತ್ತತೊಡಗಿದಳು. ಜೀಪು ನಿಧಾನವಾಗಿ ಏರಿತು. ಗಾಲಿ ನೆಲ ಬಿಟ್ಟಿತು. ಜ್ಯಾಕ್ ಸರಿಯಾಗಿ ಕೂತಿದೆಯೇ ನೋಡಲು ಅವಳು ಜೀಪಿನ ಅಡಿಗೆ ಕೈ ಚಾಚಿದಳು.

"ಕೈ ತಗಿ!"

ಅವನು ಅವಳ ಮುಂಗೈ ಹಿಡಿದು ಎಳೆದುಕೊಂಡ. ಎಳೆದವನು ಬಿಡಲಿಲ್ಲ. ಅದು ಅವಳಿಗೆ ಗೊತ್ತಾಯಿತು... ಅಷ್ಟೇ.

"ಯಾರನ್ನೂ ಕರೀಬ್ಯಾಡ ಅಂದ್ರಿ. ಈಗ್ಯಾಕ ಹೆದರಿದ್ರಿ?"

"ನಾ ಅಂದದ್ದು ಹಂಗಲ್ಲ." ಅವನು ನೆಲ ನೋಡಿದ. "ನೀ ಕರದಿದ್ರ ನಾಗನೂರಿಗೆ ಬರತಿದ್ದೆ. ನೀ ಕರೀಲಿಲ್ಲ. ನಾ ಬ್ಯಾಡಾಗೇನಿ ಅಂತ ತಿಳ್ಕೊಂಡೆ."

"ಹೋಗು ಅಂದಾವ್ರು ನೀವ."

"ನೀ ಅಳಲಿಲ್ಲ, ದಾಕ್ಷಾ. ಈ ಮನ್ಯಾಗ ನಿಂಗ ಉಸಿರು ಕಟ್ಟಾಕತ್ತೈತಿ ಅನಿಸ್ತು. ಅದಕ್ಕ ಹೋಗು ಅಂದೆ."

ರಸ್ತೆಯಲ್ಲಿ ಮೂಡಲಗಿಯ ಬಸ್ಸು ಹಾದುಹೋಯಿತು.

"ನಂಗ ಏನೂ ಅನಸವಲ್ದ್ರಿ," ಎಂದಳು ಕೊನೆಗೆ. "ಅಳಬೇಕಂದ್ರೂ ಬರವಲ್ದು. ನಾ ಎಂಥ ತಾಯಿ ಅಂತ ನೀವು ಅಂದ್ಕೊಂಡಿರತೀರಿ ಅಂತ..."

"ನಾ ಮರುದಿನಾನ ಅಂಗಡಿ ತಗದೆ," ಅವನು ಮೆಲ್ಲಗೆ ಅಂದ. "ಬಂದಾವ್ರಿಗೆ ನಟ್ಟು, ಬೋಲ್ಟು ಎಣಿಸಿ ಕೊಟ್ಟೆ. ನಂಗೂ ಏನೂ ಅನಸಲಿಲ್ಲ. ಈಗೂ ಅನಸವಲ್ದು. ನೀ ಎದುರಿಗೆ ಇದ್ದಿದ್ರ ಛಲೋ ಇತ್ತು ಅಂತ ಮಾತ್ರ ಅನಸತೈತಿ... ದಿನಾ."

ಅವಳ ಕಣ್ಣು ತುಂಬಲಿಲ್ಲ. ಆದರೆ ಕೈ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

"ಸಂಜಿಕ ಹುಕ್ಕೇರಿಗೆ ಬರ್ಲೇನ್?" ಅವನು ಕೇಳಿದ.

"ನನ್ನ ಬಾಡಿಗಿ ಖೋಲ್ಯಾಗ ಒಂದ ಚಾಪಿ ಐತ್ರಿ."

"ಸಾಕು."

"ಮಾತಾಡಾಕ ನನ್ನ ಹತ್ರ ಏನೂ ಇಲ್ಲ."

"ಸುಮ್ಕ ಕುಂದ್ರೂಣು."

ದಾಕ್ಷಾಯಿಣಿ ಅವನ ಮುಖ ನೋಡಿದಳು. "ಊಟಕ್ಕೇನ್ ಮಾಡ್ಲಿ?" ಎಂದು ಕೇಳಿದಳು.