ಡ್ರಮ್ಮು ನಿಂತಾಗ

"ಮ್ಯಾಚು ನಡೀತಿರುವಾಗ ಎದ್ದು ಹೋಗೋದಂತೆ! ಕೇಳಿದ್ಯೇನೇ ಹೆಟ್ಟಿ?" ಟೋಸ್ಟಿಗೆ ಬೆಣ್ಣೆ ಬಳಿಯುತ್ತಿದ್ದ ತಾತ ಚಾಕುವನ್ನು ಅಮ್ಮನ ಕಡೆ ತೋರಿಸುತ್ತ ಮೊಮ್ಮಗಳಿಗೆ ಹೇಳಿದ. "ಇವಳಿಗೆ ಇದನ್ನೆಲ್ಲ ಯಾರು ಕಲಿಸಿದ್ರೋ. ನಾನಂತೂ ಅಲ್ಲಪ್ಪ."

"ಮೊದಲು ಚಾಕು ಕೆಳಗಿಡು ಅಪ್ಪ," ಅಂದಳು ಅಮ್ಮ. "ನಾನೊಬ್ಳೇ ಅಲ್ಲ, ನಮ್ಮ ಸ್ಟ್ಯಾಂಡಲ್ಲಿ ಕೂರೋ ಮುಕ್ಕಾಲು ಪಾಲು ಜನ ಏಳ್ತಾರೆ. ಬ್ಯಾರಿ ಡ್ರಮ್ಮು ನಿಲ್ಲಿಸೋದೇ ಸಿಗ್ನಲ್ಲು, ನಿಂತ ತಕ್ಷಣ ನಾವೆಲ್ಲ ಹೊರಗೆ. ಖಾಲಿ ಸೀಟು ನೋಡಿದ್ರೇನೇ ಆ ಗ್ರಾಂಥಮ್‌ಗೆ ಬುದ್ಧಿ ಬರೋದು."

ಗ್ರಾಂಥಮ್ ಅಂದರೆ ಥಾರ್ನ್‌ಬೆಕ್ ರೋವರ್ಸ್ ಫುಟ್‌ಬಾಲ್ ಟೀಮಿನ ಮಾಲೀಕ. ಟೀಮು ಅವನ ಕೈಗೆ ಬಂದ ಮೇಲೆ ಒಳ್ಳೊಳ್ಳೆ ಆಟಗಾರರನ್ನೆಲ್ಲ ಮಾರಿಬಿಟ್ಟಿದ್ದ. ಈಗ ಹುಡುಗರು ಪ್ರಾಕ್ಟೀಸ್ ಮಾಡುವ ಮೈದಾನವನ್ನೂ ಮಾರಲು ಹೊರಟಿದ್ದ. ರೋವರ್ಸ್ ಸೋತು ಸೋತು ಲೀಗಿನ ತಳಕ್ಕೆ ಬಂದು ಕೂತಿತ್ತು. ಇನ್ನೂ ಕೆಳಗೆ ಹೋಗೋಣವೆಂದರೆ ಜಾಗವೇ ಇರಲಿಲ್ಲ.

"ಗ್ರಾಂಥಮ್ ಮೇಲೆ ಸಿಟ್ಟಿದ್ರೆ ಅವನ ಆಫೀಸಿನ ಮುಂದೆ ನಿಂತು ಕೂಗು," ಅಂದ ತಾತ. "ಆಡೋ ಹುಡುಗರು ಏನು ಪಾಪ ಮಾಡಿದ್ರು? ಮನೇಲಿ ಮಗೂಗೆ ಜ್ವರ ಬಂದ್ರೆ ಎದ್ದು ಬೀದಿಗೆ ಹೋಗ್ತೀಯಾ?"

"ಜ್ವರ ಬಂದ ಮಗೂ ಮುಂದೆ ಕೂತು ಚಪ್ಪಾಳೇನೂ ತಟ್ಟಲ್ಲ. ಡಾಕ್ಟರ್ ಹತ್ರ ಹೋಗಿ ಗಲಾಟೆ ಮಾಡ್ತೀನಿ. ಅಷ್ಟಕ್ಕೂ ಆ ಹಾಲಿಸ್‌ನ ಏನಂತೀಯ? ಗೋಲ್ ಹೊಡೀಲಿ ಅಂತ ಇಟ್ಕೊಂಡ್ರೆ ಬಾಲ್ ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಡ್ತಾನೆ!"

"ಅವನಿಗೆ ಪಾಸ್ ಕೊಡೋರು ಯಾರಿದ್ದಾರೆ ಹೇಳು? ಮಧ್ಯದಲ್ಲಿ ಆಡೋರೆಲ್ಲ ನಿನ್ನ ಬಸ್ಸಿಗೆ ಕಾಯೋರ ಥರ ನಿಂತಿರ್ತಾರೆ."

ಅಮ್ಮ ಊರಿನ ಬಸ್ ಡ್ರೈವರ್. ಬಸ್ಸಿನ ವಿಷಯ ಬಂದರೆ ಅವಳಿಗೆ ನಗು ಬರಬೇಕಿತ್ತು. ಇವತ್ತು ಬರಲಿಲ್ಲ.

ಹೆಟ್ಟಿಯ ಬಟ್ಟಲಿನಲ್ಲಿ ಕಾರ್ನ್‌ಫ್ಲೇಕ್ಸ್ ಹಾಲು ಕುಡಿದು ಮೆತ್ತಗಾಗಿತ್ತು. ತಾತ ಮಾತಾಡಿದರೆ ತಾತನೇ ಸರಿ ಅನ್ನಿಸುತ್ತಿತ್ತು. ಅಮ್ಮ ಬಾಯಿ ತೆರೆದ ಕೂಡಲೇ ಅಮ್ಮನೇ ಸರಿ ಅನ್ನಿಸುತ್ತಿತ್ತು. ಅವಳ ತಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿ ಕುತ್ತಿಗೆ ನೋಯತೊಡಗಿತು.

"ಹಾಗಾದ್ರೆ ನಾನು ಏನ್ಮಾಡ್ಲಿ?" ಅಂತ ಕೇಳಿದಳು.

"ನಿಜವಾದ ಫ್ಯಾನು ಕೊನೇ ವಿಷಲ್ ಆಗೋ ತನಕ ಏಳಲ್ಲ," ಅಂದ ತಾತ.

"ನಿಜವಾದ ಫ್ಯಾನು ಟೀಮು ಹಾಳಾಗೋದನ್ನ ನೋಡ್ಕೊಂಡು ಕೂರಲ್ಲ," ಅಂದಳು ಅಮ್ಮ.

ಆಮೇಲೆ ಇಬ್ಬರೂ ಒಟ್ಟಿಗೆ, "ನಿನ್ನಿಷ್ಟ ಪುಟ್ಟಿ," ಅಂದುಬಿಟ್ಟರು. ಹಲ್ಲುಜ್ಜು, ಹೋಂವರ್ಕ್ ಮಾಡು, ಸಾಕ್ಸು ತೆಗೆದಿಡು ಅಂತ ದಿನವಿಡೀ ಹೇಳುವವರು ನಿಜವಾಗಿ ಹೇಳಬೇಕಾದಾಗ ಮಾತ್ರ ಹೇಳುವುದಿಲ್ಲ. ಹೆಟ್ಟಿಗೆ ಅಳು ಬರುವಷ್ಟು ಸಿಟ್ಟು ಬಂತು.

ತಾತ ಸುಮ್ಮನೆ ಜಂಬಕ್ಕೆ ಹೇಳುವವನಲ್ಲ. ಆಲಿಕಲ್ಲು ಬಿದ್ದರೂ, ರೋವರ್ಸ್ ಗೋಲಿನ ಮೇಲೆ ಗೋಲು ತಿಂದರೂ, ವಿಷಲ್ ಆಗುವ ಮೊದಲು ಅವನು ಸೀಟು ಬಿಟ್ಟವನಲ್ಲ. ಅಮ್ಮ ಹುಟ್ಟಿದ ದಿನವೂ ಮ್ಯಾಚು ಮುಗಿಸಿಕೊಂಡೇ ಆಸ್ಪತ್ರೆಗೆ ಹೋಗಿದ್ದನಂತೆ. ಅಜ್ಜಿ ಇರುವವರೆಗೂ ಅದನ್ನು ಹೇಳಿ ಹೇಳಿ ಅವನನ್ನು ಛೇಡಿಸುತ್ತಿದ್ದಳು. ಈಗ ಅಜ್ಜಿಯ ಸೀಟಿನಲ್ಲಿ ಹೆಟ್ಟಿ ಕೂರುತ್ತಾಳೆ. ಬಲಕ್ಕೆ ತಾತ, ಎಡಕ್ಕೆ ಅಮ್ಮ.

ಮಧ್ಯಾಹ್ನ ಮೂವರೂ ಹಸಿರು-ಬಿಳಿ ಮಫ್ಲರು ಸುತ್ತಿಕೊಂಡು ಮೈದಾನಕ್ಕೆ ನಡೆದರು. ಗೇಟಿನ ಹತ್ತಿರ ಅವಳ ಕ್ಲಾಸಿನ ಇದ್ರೀಸ್ ಬಿಸಿ ಬಿಸಿ ಪೈ ಹಿಡಿದು ಊದುತ್ತ ನಿಂತಿದ್ದ.

"ಡ್ರಮ್ಮು ನಿಂತಾಗ ನೀನು ಏಳ್ತೀಯಾ?" ಹೆಟ್ಟಿ ಮೆಲ್ಲಗೆ ಕೇಳಿದಳು.

"ಅಣ್ಣ ಏಳಲೇಬೇಕು ಅಂದಿದ್ದಾನೆ. ಎದ್ರೆ ಕಾಲು ಮುರೀತೀನಿ ಅಂತ ಅಬ್ಬು ಅಂದಿದ್ದಾರೆ," ಅಂದ ಇದ್ರೀಸ್. "ನಾನು ಆ ಟೈಮಿಗೆ ಸರಿಯಾಗಿ ಟಾಯ್ಲೆಟ್ಟಿಗೆ ಹೋಗ್ಬಿಡ್ತೀನಿ. ಯಾರೂ ಏನೂ ಕೇಳೋ ಹಾಗಿಲ್ಲ."

ಹೆಟ್ಟಿಗೆ ಹೊಟ್ಟೆಕಿಚ್ಚಾಯಿತು. ಈ ಉಪಾಯ ತನಗೆ ಯಾಕೆ ಹೊಳೆಯಲಿಲ್ಲ?

ಮೊದಲರ್ಧದಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ರೋವರ್ಸ್ ಗೋಲು ತಿನ್ನಲಿಲ್ಲ ಅನ್ನುವುದೇ ದೊಡ್ಡ ವಿಷಯ. ಕೆಳಗಿನ ಸಾಲಿನಲ್ಲಿ ದಪ್ಪ ಬ್ಯಾರಿ ಎಂದಿನಂತೆ ಡ್ರಮ್ಮು ಬಾರಿಸುತ್ತಿದ್ದ. ಹೆಟ್ಟಿ ಆಟ ನೋಡದೆ ಬ್ಯಾರಿಯ ಕೈಯನ್ನೇ ನೋಡುತ್ತಿದ್ದಳು.

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಹಾಲಿಸ್‌ಗೆ ಖಾಲಿ ಗೋಲಿನ ಮುಂದೆ ಬಾಲು ಸಿಕ್ಕಿತು. ಅವನು ಅದನ್ನು ಸ್ಟ್ಯಾಂಡಿನ ಚಾವಣಿಗೆ ಒದ್ದ. ಬ್ಯಾರಿ "ಥೂ ನಿನ್ನ!" ಅಂತ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡ. ಕೈ ತಲೆಯ ಮೇಲಿದ್ದರೆ ಬಾರಿಸುವುದು ಹೇಗೆ? ಡ್ರಮ್ಮು ನಿಂತಿತು.

ಅಷ್ಟೇ ಸಾಕಾಯಿತು. ಅರ್ಧ ಸ್ಟ್ಯಾಂಡು ದಡಬಡನೆ ಎದ್ದು ನಿಂತಿತು. ಕೆಲವರು ಮೆಟ್ಟಿಲಿಳಿಯಲೂ ಶುರುಮಾಡಿದರು.

"ಇನ್ನೂ ಇಲ್ಲ! ಅದು ಸಿಗ್ನಲ್ ಅಲ್ಲ! ಕೂತ್ಕೊಳ್ರೀ!" ಅಮ್ಮ ಗಂಟಲು ಹರಿಯುವಂತೆ ಕೂಗಿದಳು. ಎದ್ದವರು ಕೂತರು, ಕೂತವರು ಎದ್ದರು, ಒಬ್ಬರ ಟೀ ಇನ್ನೊಬ್ಬರ ಕೋಟಿನ ಮೇಲೆ ಚೆಲ್ಲಿತು. ಬ್ಯಾರಿ ಗಾಬರಿಯಿಂದ ಮತ್ತೆ ಡಬಡಬ ಬಾರಿಸತೊಡಗಿದ.

ತಾತ ನಕ್ಕು ನಕ್ಕು ಕೆಮ್ಮಿದ. "ಎದ್ದು ಹೋಗೋಕೂ ಸರಿಯಾಗಿ ಬರಲ್ಲ ಇವರಿಗೆ! ಟೀಮಿಗೆ ತಕ್ಕ ಫ್ಯಾನ್ಸು!"

ಹೆಟ್ಟಿಯೂ ನಕ್ಕಳು. ಅಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. ಅಮ್ಮನ ಕಣ್ಣು ಕೆಂಪಾಗಿತ್ತು.

ಸ್ವಲ್ಪ ಹೊತ್ತಿಗೆ ಡ್ರಮ್ಮು ಮತ್ತೆ ನಿಂತಿತು. ಈ ಸಲ ಯಾರೂ ಅಲುಗಾಡಲಿಲ್ಲ. ಇದು ನಿಜವೋ ಸುಳ್ಳೋ ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬ್ಯಾರಿ ಡ್ರಮ್ಮನ್ನು ಸೀಟಿನ ಕೆಳಗಿಟ್ಟು, ಸ್ಟ್ಯಾಂಡಿನ ಕಡೆ ತಿರುಗಿ ಹೌದೆಂದು ತಲೆಯಾಡಿಸಿದ. ಆಗ ಸಾಲು ಸಾಲಾಗಿ ಸೀಟುಗಳು ಟಪ್ ಟಪ್ ಎಂದು ಮಡಚಿಕೊಂಡವು.

ಅಮ್ಮ ಎದ್ದಳು. ಹೆಟ್ಟಿಯ ಟೋಪಿಯನ್ನು ಕಿವಿಯವರೆಗೆ ಎಳೆದಳು. "ತಾತನ ಹತ್ರ ಇರ್ತೀನಿ ಅಂದ್ರೆ ಇರು. ಬೇಜಾರಿಲ್ಲ ನಂಗೆ," ಅಂದು ಹೊರಟಳು.

ಹೆಟ್ಟಿ ಕೂತೇ ಇದ್ದಳು. ಅಮ್ಮ ಮೆಟ್ಟಿಲ ಹತ್ತಿರ ನಿಂತು ಒಮ್ಮೆ ಹಿಂತಿರುಗಿ ನೋಡಿದಳು. ಹೆಟ್ಟಿಯನ್ನಲ್ಲ, ಮೈದಾನವನ್ನು. ಆಮೇಲೆ ಅವಳ ಹಸಿರು ಮಫ್ಲರು ಜನರ ನಡುವೆ ಕಾಣದಾಯಿತು.

"ತಾತ, ನಾನು ಅಮ್ಮನ ಹತ್ರ ಹೋಗ್ಲಾ?"

"ಹೋಗು," ಅಂದ ತಾತ. ಅವನು ಅವಳ ಕಡೆ ನೋಡಲಿಲ್ಲ.

ಹೆಟ್ಟಿ ಮೆಟ್ಟಿಲಿಳಿದು ಸ್ಟ್ಯಾಂಡಿನ ಕೆಳಗಿನ ಓಣಿಗೆ ಬಂದಳು. ಅಷ್ಟರಲ್ಲಿ ಹೋಗುವವರೆಲ್ಲ ಹೋಗಿಯಾಗಿತ್ತು. ಪೈ ಮಾರುವ ಅಂಗಡಿಯ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಈಗ ತಾತನ ಪಕ್ಕದಲ್ಲಿ ಎರಡು ಸೀಟು ಖಾಲಿ ಅನ್ನುವುದು ಅವಳಿಗೆ ಹೊಳೆಯಿತು. ತಿರುಗಿ ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ಬಂದಾಗ, ಹೊರಗೆ ಅಮ್ಮ ಒಬ್ಬಳೇ ನಿಂತಿರುತ್ತಾಳೆ ಅನ್ನಿಸಿತು. ಮತ್ತೆ ಇಳಿದಳು. ಮತ್ತೆ ಹತ್ತಿದಳು.

ಅವಳು ಹೀಗೆ ಹತ್ತಿ ಇಳಿಯುತ್ತಿರುವಾಗಲೇ ಮೇಲಿನಿಂದ ಒಂದು ಕೂಗು ಎದ್ದಿತು. ತಲೆಯ ಮೇಲಿನ ಕಾಂಕ್ರೀಟು ದಡದಡ ನಡುಗಿತು. ಅದು ನಿಲ್ಲುವ ಮೊದಲೇ ಹೊರಗಿನ ಬೀದಿಯಿಂದ ಇನ್ನೊಂದು ಕೂಗು ಕೇಳಿಸಿತು.

ಗೋಲು! ರೋವರ್ಸ್ ಗೋಲು ಹೊಡೆದಿತ್ತು!

ಒಳಗಿದ್ದವರು ಅದನ್ನು ನೋಡಿದರು. ಹೊರಗಿದ್ದವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಹೆಟ್ಟಿ ಮಾತ್ರ ಯಾರ ಜೊತೆಯೂ ಇರಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟಳು.

ಟಾಯ್ಲೆಟ್ಟಿನ ಬಾಗಿಲು ತೆರೆದು ಇದ್ರೀಸ್ ಓಡಿಬಂದ. ಅವನ ಕೈ ಇನ್ನೂ ಒದ್ದೆಯಾಗಿತ್ತು. "ಗೋಲಾ? ನಮ್ದಾ? ಯಾರು ಹೊಡೆದಿದ್ದು?"

"ನಂಗೊತ್ತಿಲ್ಲ," ಹೆಟ್ಟಿ ಬಿಕ್ಕಿದಳು.

"ಛೇ! ಎಂಥಾ ದಡ್ಡ ಉಪಾಯ ಮಾಡ್ದೆ ನಾನು!" ಇದ್ರೀಸ್ ಹಣೆ ಚಚ್ಚಿಕೊಂಡು ಮೇಲಕ್ಕೆ ಓಡಿದ.

ಅವನು ಓಡಿದ ಮೆಟ್ಟಿಲಿನಿಂದಲೇ ಯಾರೋ ಕಂಬಿ ಹಿಡಿದು ನಿಧಾನವಾಗಿ ಇಳಿದು ಬರುತ್ತಿದ್ದರು. ಕಂದು ಬೂಟು, ಮಂಡಿಯ ಹತ್ತಿರ ಸುಕ್ಕಾದ ಪ್ಯಾಂಟು. ಹೆಟ್ಟಿ ಕಣ್ಣೊರೆಸಿಕೊಂಡು ನೋಡಿದಳು.

"ತಾತ? ಮ್ಯಾಚು ಮುಗೀತಾ?"

"ಇಲ್ಲ," ಅಂದ ತಾತ. ಅವನಿಗೆ ಏದುಸಿರು ಬಂದಿತ್ತು. "ಗೋಲ್ ಆಯ್ತು. ನಿನ್ನ ಎತ್ಕೊಳ್ಳೋಣ ಅಂತ ಈ ಕಡೆ ತಿರುಗಿದೆ. ಸೀಟು ಖಾಲಿ. ಅದರಾಚೇದೂ ಖಾಲಿ." ಅವನು ಕಂಬಿ ಬಿಟ್ಟು ಹತ್ತಿರ ಬಂದ. "ಅಮ್ಮ ಸಿಕ್ಕಳೋ ಇಲ್ವೋ ಅಂತ ನೋಡೋಕೆ ಬಂದೆ, ಅಷ್ಟೇ. ನೀನು ಯಾಕೆ ಅಳ್ತಿದ್ದೀಯ?"

ಹೆಟ್ಟಿ ಏನಾದರೂ ಹೇಳುವ ಮೊದಲೇ ಕಬ್ಬಿಣದ ಗೇಟು ಧಡಧಡ ಬಡಿದ ಸದ್ದು ಕೇಳಿಸಿತು.

"ಮೊಯ್ರಾ! ಯಾರು ಹೊಡೆದಿದ್ದು ಅಂತನಾದ್ರೂ ಹೇಳೇ!" ಅಮ್ಮನ ದನಿ.

"ನಂಗೇನ್ ಗೊತ್ತು ಜೋ? ನಾನು ಗೇಟು ಕಾಯ್ತಾ ನಿಂತಿದ್ದೀನಿ," ಅಂದಳು ಕಿತ್ತಳೆ ಜಾಕೆಟ್ಟಿನ ಮೊಯ್ರಾ. "ಅಷ್ಟು ಆಸೆ ಇದ್ದೋಳು ಯಾಕೆ ಹೊರಗೆ ಹೋದೆ?"

"ಹಾಲಿಸ್!" ಅಂತ ತಾತ ಇಲ್ಲಿಂದಲೇ ಕೂಗಿದ.

ಅಮ್ಮ ಗೇಟಿನ ಸಂದಿಯಲ್ಲಿ ಮುಖ ತೂರಿಸಿದಳು. "ಹಾಲಿಸ್ಸಾ? ಸುಳ್ಳು! ಯಾವ ಕಾಲಲ್ಲಿ?"

"ಮೊಣಕಾಲಿಗೆ ತಗುಲಿ ಹೋಯ್ತು. ಪಾಪ, ಅವನಿಗೂ ಗೊತ್ತಾಗ್ಲಿಲ್ಲ." ಅಷ್ಟು ಹೇಳಿದ ಮೇಲೆ ತಾತ ನಕ್ಕ. ಅಮ್ಮನೂ ನಕ್ಕಳು. ಆಮೇಲೆ ಅವಳ ನಗು ನಿಂತಿತು. "ಅಪ್ಪಾ, ಇನ್ನೂ ವಿಷಲ್ ಆಗಿಲ್ಲ. ನೀನೇನು ಕೆಳಗೆ?"

ತಾತ ಹೆಟ್ಟಿಯನ್ನು ಗೇಟಿನ ಹತ್ತಿರ ಕರೆತಂದ. ಮೊಯ್ರಾ ಗೇಟು ತೆರೆದು ಹೆಟ್ಟಿಗೆ ದಾರಿ ಬಿಟ್ಟಳು. ಹೆಟ್ಟಿ ಹೊಸ್ತಿಲವರೆಗೆ ಬಂದಳು. ಒಂದು ಕಾಲು ಹೊರಗಿಟ್ಟಳು, ಇನ್ನೊಂದು ಕಾಲು ಒಳಗೇ ಉಳಿಯಿತು. ಅವಳ ಒಂದು ಕೈ ತಾತನ ಕೋಟಿನ ತೋಳನ್ನು ಹಿಡಿದಿತ್ತು. ಬಿಡಬೇಕು ಅಂತ ಗೊತ್ತಿತ್ತು, ಆದರೆ ಬಿಡಲಾಗಲಿಲ್ಲ.

"ಯಜಮಾನ್ರೇ, ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡೋ ಹಾಗಿಲ್ಲ. ಗೊತ್ತಲ್ಲ?" ಅಂದಳು ಮೊಯ್ರಾ.

ತಾತ ಒಮ್ಮೆ ಮೇಲಿನ ಮೆಟ್ಟಿಲು ನೋಡಿದ. ತೋಳು ಹಿಡಿದ ಪುಟ್ಟ ಕೈ ನೋಡಿದ.

"ಗೊತ್ತಮ್ಮ," ಅಂದು ಹೊರಗೆ ಕಾಲಿಟ್ಟ.

ಗೇಟು ಮುಚ್ಚಿಕೊಂಡಿತು. ಅಮ್ಮ ಕಣ್ಣರಳಿಸಿ ತಾತನನ್ನೇ ನೋಡಿದಳು.

"ಹಾಗೆ ನೋಡ್ಬೇಡ," ಅಂದ ತಾತ. "ನಾನೇನೂ ನಿಮ್ಮ ಗುಂಪಿಗೆ ಸೇರ್ಕೊಂಡಿಲ್ಲ. ಮಗೂನ ಕಳಿಸೋಕೆ ಬಂದೆ."

"ಸರಿ ಅಪ್ಪ," ಅಂದಳು ಅಮ್ಮ.

ಹೊರಗೆ ನೋಡಿದರೆ ಬೀದಿ ತುಂಬ ಜನ. ಸಿಟ್ಟು ಮಾಡಿಕೊಂಡು ಎದ್ದು ಬಂದವರಲ್ಲಿ ಒಬ್ಬರೂ ಮನೆಗೆ ಹೋಗಿರಲಿಲ್ಲ. ಎಲ್ಲರೂ ಸ್ಟ್ಯಾಂಡಿನ ಇಟ್ಟಿಗೆ ಗೋಡೆಯ ಪಕ್ಕ ಮಾತಿಲ್ಲದೆ ನಿಂತು ಒಳಗಿನ ಸದ್ದು ಕೇಳುತ್ತಿದ್ದರು. ಬ್ಯಾರಿ ಕಣ್ಣು ಮುಚ್ಚಿಕೊಂಡಿದ್ದ.

"ಇವರೆಲ್ಲ ಇಲ್ಲೇ ಇದ್ದಾರಾ?" ತಾತ ಆಶ್ಚರ್ಯದಿಂದ ಕೇಳಿದ.

"ಮತ್ತೆ ಇನ್ನೆಲ್ಲಿಗೆ ಹೋಗ್ಬೇಕಿತ್ತು?" ಅಂದಳು ಅಮ್ಮ.

ತಾತನೂ ಗೋಡೆಯ ಪಕ್ಕ ಬಂದು ನಿಂತ. ಅಷ್ಟು ವರ್ಷದಲ್ಲಿ ಅವನು ಮೈದಾನದ ಸದ್ದನ್ನು ಹೊರಗೆ ನಿಂತು ಕೇಳಿದವನಲ್ಲ. ಅವನಿಗೆ ತಲೆಬುಡ ತಿಳಿಯಲಿಲ್ಲ. ಒಳಗೆ ಗುಜುಗುಜು ಎದ್ದಾಗ, "ಈಗೇನಾಯ್ತು?" ಅಂತ ಕೇಳಿದ. "ನಮಗೆ ಕಾರ್ನರ್," ಅಂದಳು ಅಮ್ಮ. ಚಪ್ಪಾಳೆ ಕೇಳಿದಾಗ, "ಇದು?" ಅಂದ. "ಯಾರನ್ನೋ ಬದಲಾಯಿಸಿದ್ರು. ಹಾಲಿಸ್ ಹೊರಗೆ ಬಂದ ಅನ್ಸುತ್ತೆ." ತಾತನೂ ಇಲ್ಲಿಂದಲೇ ಎರಡು ಚಪ್ಪಾಳೆ ತಟ್ಟಿದ. ಅಮ್ಮನೂ ತಟ್ಟಿದಳು.

ಆಮೇಲೆ ಒಳಗೆಲ್ಲ ಇದ್ದಕ್ಕಿದ್ದಂತೆ ತಣ್ಣಗಾಯಿತು. ದೂರದ ಮೂಲೆಯಿಂದ, ಎದುರಾಳಿ ಟೀಮಿನ ಫ್ಯಾನ್ಸು ಕೂತಿದ್ದ ಕಡೆಯಿಂದ, ಒಂದು ಸಣ್ಣ ಕೇಕೆ ಕೇಳಿಸಿತು.

"ಅಯ್ಯೋ!"

ತಾತನೂ ಅಂದ, ಅಮ್ಮನೂ ಅಂದಳು. ಆದರೆ ಅವರಿಬ್ಬರಿಗಿಂತ ಮೊದಲು ಹೆಟ್ಟಿಯ ಬಾಯಿಂದಲೇ ಬಂದಿತ್ತು. ಅವಳು ಯಾರ ಮುಖವನ್ನೂ ನೋಡಿರಲಿಲ್ಲ, ಏನ್ಮಾಡ್ಲಿ ಅಂತ ಯಾರನ್ನೂ ಕೇಳಿರಲಿಲ್ಲ. ಅದು ತಾನಾಗಿಯೇ ಹೊಟ್ಟೆಯೊಳಗಿನಿಂದ ಬಂದಿತ್ತು, ಅಷ್ಟು ನೋವಾಗಿತ್ತು ಅವಳಿಗೆ.

"ಗೋಲ್ ಕೀಪರ್ ಮತ್ತೆ ಬಾಲು ಕೈ ಬಿಟ್ಟಿರ್ತಾನೆ ನೋಡು," ಅಂದ ತಾತ.

"ಕಣ್ಣಲ್ಲಿ ನೋಡ್ದೆ ಹೇಗೆ ಹೇಳ್ತೀಯಪ್ಪ? ಡಿಫೆನ್ಸ್‌ನೋರೇ ಕೈ ಕೊಟ್ಟಿರ್ತಾರೆ."

"ನೀನೇನು ಕಣ್ಣಲ್ಲಿ ನೋಡಿದ್ಯಾ?"

ಹೆಟ್ಟಿ ಇಬ್ಬರ ನಡುವೆ ಗೋಡೆಗೆ ಒರಗಿ ನಿಂತಿದ್ದಳು. ಯಾರು ಸರಿ ಅಂತ ಅವಳು ಈ ಸಲ ಯೋಚಿಸಲಿಲ್ಲ.

"ಶ್! ಸುಮ್ನಿರಿ ಇಬ್ರೂ," ಅಂದಳು. "ಆಟ ಇನ್ನೂ ಮುಗಿದಿಲ್ಲ."