ರಸ್ತೆ ಬಿಟ್ಟು ಕಾಲು ನೋಡಿದವನು

"ರಸ್ತೆ ನೋಡಿ," ಎಂದಳು ಅವಳು, ಆ ಬೆಳಗ್ಗೆ ಒಂಬತ್ತನೆಯ ಸಲ.

ಅವನು ತಲೆಯೆತ್ತಿದ. ಮುಂದಿನ ತಿರುವು ಬರುವಷ್ಟರಲ್ಲಿ ಕಣ್ಣು ಮತ್ತೆ ಕೆಳಗಿಳಿದಿತ್ತು.

ಹನ್ನೊಂದು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದವಳಿಗೆ ಇಂಥ ಶಿಷ್ಯ ಇದೇ ಮೊದಲು. ಚಪ್ಪಲಿ, ಬೂಟು ಹೊಲಿಯುವುದು ಅವನ ಕಸುಬು. ಅಂಗಡಿಯಲ್ಲಿ ದಿನವಿಡೀ ಬರಿಗಾಲಲ್ಲಿ ಕೂರುವವನು ಮೊದಲ ಪಾಠಕ್ಕೆ ಮೊಣಕಾಲುದ್ದದ ಬೂಟು ತೊಟ್ಟು ಬಂದು, ಬ್ರೇಕಿನ ಜೊತೆಗೆ ಆಕ್ಸಿಲರೇಟರನ್ನೂ ತುಳಿದಿದ್ದ.

"ಬರಿಗಾಲಲ್ಲಿ ಓಡಿಸಿದ್ರೆ ದಂಡ ಹಾಕ್ತಾರೆ ಅಂದ್ರು ಮೇಡಂ. ಅದಕ್ಕೇ ಇರೋದ್ರಲ್ಲಿ ದೊಡ್ಡದು ಹಾಕ್ಕೊಂಡೆ."

"ನಮ್ಮ ಕಾನೂನಲ್ಲಿ ಚಪ್ಪಲಿ ಸುದ್ದೀನೇ ಇಲ್ಲ. ಗಾಡಿ ನಿಮ್ಮ ಹಿಡಿತದಲ್ಲಿ ಇದೆಯಾ ಅಂತ ಮಾತ್ರ ಕೇಳುತ್ತೆ. ಈ ಬೂಟಲ್ಲಿ ಇಲ್ಲ."

ಮರುದಿನ ಹವಾಯಿ ಚಪ್ಪಲಿ. ಅದು ಕ್ಲಚ್ಚಿನ ಕೆಳಗೆ ಹೋಗಿ ಸಿಕ್ಕಿಕೊಂಡಿತು. ಮೂರನೆಯ ದಿನ ತೆಳು ಅಟ್ಟೆಯ, ಲೇಸು ಬಿಗಿದ ಶೂ.

"ಅಂಗಡೀಲಿರೋದನ್ನೆಲ್ಲ ಒಂದೊಂದಾಗಿ ತೋರಿಸ್ತೀರಾ ಹೇಗೆ?"

ಅವನು ನಕ್ಕ. ಎಡಗೆನ್ನೆ ಮೊದಲು ನಕ್ಕಿತು; ಬಲಗೆನ್ನೆ ಸ್ವಲ್ಪ ಯೋಚನೆ ಮಾಡಿ ಆಮೇಲೆ ಜೊತೆಗೂಡಿತು. ಅವಳು ಅದನ್ನು ಗಮನಿಸಿದ್ದೇ ತಪ್ಪಾಯಿತು. ಅಂದಿನಿಂದ ಅವಳ ಅಮ್ಮನಿಗೂ ಏನೋ ವಾಸನೆ ಬಡಿದಿತ್ತು.

"ಆ ಬೂಟಿನವನ ಪಾಠ ಇದ್ರೆ ತಲೆ ಎರಡು ಸಲ ಬಾಚ್ತೀಯಲ್ಲೇ."

"ಸಿಕ್ಕಾಗಿತ್ತಮ್ಮ."

"ಹೂಂ, ಸಿಕ್ಕಾಗಿರೋದು ಕಾಣ್ತಾನೇ ಇದೆ."

ಆದರೆ ಅವನು ಎರಡು ಸಲ ಟೆಸ್ಟಿನಲ್ಲಿ ಫೇಲಾಗಿದ್ದ. ಎರಡು ಸಲವೂ ಪಕ್ಕದ ಸೀಟಿನಲ್ಲಿ ಅವಳೇ ಇದ್ದಳು; ಹಿಂದೆ ಕೂತ ಪರೀಕ್ಷಕರು ಬರೆದದ್ದು ಒಂದೇ ಮಾತು: ಕೆಳಗೆ ನೋಡುತ್ತಾನೆ. ಗುರುವಾರ ಮೂರನೆಯ ಟೆಸ್ಟು. ಲೈಸೆನ್ಸ್ ಸಿಕ್ಕರೆ, ಊರಾಚೆಯ ಆಸ್ಪತ್ರೆಯಲ್ಲಿ ಕಾಲು ಸೊಟ್ಟಗಿರುವ ಮಕ್ಕಳಿಗೆ ತಾನೇ ಬೂಟು ಮಾಡಿ ಕೊಂಡೊಯ್ಯುವ ಕೆಲಸ ಅವನಿಗೆ ಕಾದಿತ್ತು. ಸಿಕ್ಕರೆ, ಅವಳ ಪಕ್ಕದ ಸೀಟಿನಲ್ಲಿ ಮರುದಿನ ಬೇರೆ ಯಾರೋ ಕೂರುತ್ತಾರೆ. ಈ ಎರಡನೆಯ ಯೋಚನೆ ಬಂದಾಗಲೆಲ್ಲ ಅವಳು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಮಂಗಳವಾರ ಸೈಕಲ್ಲೊಂದು ಗಕ್ಕನೆ ಅಡ್ಡ ಬಂತು. ಅವನ ಕಣ್ಣು ಕೆಳಗಿತ್ತು. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಕಲಿಸುವವರ ಕಡೆಗೂ ಇರುವ ಬ್ರೇಕನ್ನು ಅವಳು ಅದುಮಿದಳು. ಅವಳ ಕಾಲು ಕೂದಲೆಳೆಯಷ್ಟು ಜಾರಿತು, ಆದರೂ ಗಾಡಿ ನಿಂತಿತು.

"ಪಕ್ಕಕ್ಕೆ ಹಾಕಿ," ಎಂದಳು. ಹಾಕಿದ. "ಪೆಡಲಲ್ಲಿ ಅಂಥಾದ್ದೇನಿದೆ ನೋಡೋಕೆ?"

"ನಾನು ನೋಡಿದ್ದು ಪೆಡಲ್ ಅಲ್ಲ ಮೇಡಂ."

"ಮತ್ತೆ?"

"ನಿಮ್ಮ ಕಾಲು." ಅವನ ಕಿವಿ ಕೆಂಪಾಯಿತು. "ನಿಮ್ಮ ಬಲಗಾಲಿನ ಅಟ್ಟೆ ಸವೆದು ಗಾಜಿನ ಹಾಗಾಗಿದೆ. ಬ್ರೇಕ್ ಮೇಲೆ ಜಾರುತ್ತೆ. ಈಗಲೂ ಜಾರಿತು. ಕಲಿಸೋರಿಗೇ ಹೇಗೆ ಹೇಳೋದು ಅಂತ ಸುಮ್ಮನಿದ್ದೆ."

ಅವಳು ಬಗ್ಗಿ ಅಟ್ಟೆ ತಿರುಗಿಸಿ ನೋಡಿದಳು. ಊರಿಗೆಲ್ಲ ಬುದ್ಧಿ ಹೇಳುವವಳ ಶೂ ಅದು! ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಒಂದೂವರೆ ತಿಂಗಳಿಂದ ಅಟ್ಟೆ ನೋಡ್ತಿದ್ರಾ?"

"ಅಟ್ಟೆ ನೋಡಿದ್ದು ಮೊದಲ ವಾರ," ಎಂದ ಮೆಲ್ಲಗೆ. "ಆಮೇಲೆ ಬರೀ ಕಾಲು."

ಅವಳ ಎದೆ ಹೊಡೆದುಕೊಂಡದ್ದು ಗಾಡಿಯ ಹೊರಗಿದ್ದವರಿಗೂ ಕೇಳಿಸಿರಬೇಕು. ಆದರೆ ಸೈಕಲ್ಲಿನವನ ಹೆದರಿದ ಮುಖವೂ ಕಣ್ಣೆದುರಿಗೇ ಇತ್ತು.

"ನಾಳೆಯಿಂದ ನಮ್ಮ ಸ್ಕೂಲ್ ಓನರ್ ಜೊತೆ ಓಡಿಸಿ, ಟೆಸ್ಟಿಗೂ ಅವರೇ ಬರ್ತಾರೆ. ಅವರ ಕಾಲು ನೋಡೋ ಹಾಗಿಲ್ಲ ಬಿಡಿ."

"ಕೋಪಾನಾ?"

"ಅಲ್ಲ. ನೀವು ಪಾಸಾಗಬೇಕು."

ಶುಕ್ರವಾರ ಸ್ಕೂಲಿನ ಓನರ್ ಸುದ್ದಿ ತಂದರು. "ನಿನ್ನ ಶಿಷ್ಯ ಪಾಸಮ್ಮ. ಕುತ್ತಿಗೆಗೆ ಕೋಲು ಕಟ್ಟಿದ ಹಾಗೆ ನೇರ ನೋಡ್ತಿದ್ದ." ಅವಳು ಎಲ್ಲರಿಗೂ ಟೀ ಕುಡಿಸಿದಳು. ಆಮೇಲೆ ಗಾಡಿಯ ಗಾಜನ್ನು ಅರ್ಧ ಗಂಟೆ ಒರೆಸಿದಳು. ಹತ್ತು ದಿನ ಅವನ ಸುಳಿವಿರಲಿಲ್ಲ. ತಾನಾಗಿ ಅಂಗಡಿಗೆ ಹೋಗಲು ಸಂಕೋಚ, ಹೋಗದಿರಲು ಸಂಕಟ.

ಹನ್ನೊಂದನೆಯ ದಿನ ಸಂಜೆ ಅವಳ ಮನೆಯೆದುರು ಪುಟ್ಟ ವ್ಯಾನೊಂದು ಇಂಡಿಕೇಟರ್ ಹಾಕಿ, ಓರಕ್ಕೆ ಗೇಣು ಬಿಟ್ಟು ನಿಂತಿತು. ಕೆಳಗಿಳಿದವನ ಕೈಯಲ್ಲೊಂದು ಪೆಟ್ಟಿಗೆ.

"ಹತ್ತು ದಿನ ಎಲ್ಲಿದ್ರಿ?"

"ಲೈಸೆನ್ಸ್ ಕೈಗೆ ಬರೋ ಮುಂಚೆ ಒಬ್ಬನೇ ಓಡಿಸಿಕೊಂಡು ಬಂದಿದ್ರೆ ಬಾಗಿಲಲ್ಲೇ ಬೈತಿದ್ರಿ."

ಪೆಟ್ಟಿಗೆಯಲ್ಲಿ ಜೇನಿನ ಬಣ್ಣದ ಮೆತ್ತನೆಯ ಶೂ, ಒರಟು ಹಿಡಿತದ ಅಟ್ಟೆ. ಮೆಟ್ಟಿಲ ಮೇಲೆ ಕೂತು ಅವಳು ತೊಟ್ಟಳು. ಬಲಗಾಲಿಗೆ ಎರಕ ಹೊಯ್ದ ಹಾಗೆ ಕೂತಿತು.

"ಎಡಗಾಲು ಕಚ್ಚುತ್ತೆ."

ಅವನ ಮುಖ ಸಪ್ಪಗಾಯಿತು. "ಅಳತೆ ತಗೊಂಡಿರಲಿಲ್ಲ, ಕಣ್ಣಂದಾಜು. ಬ್ರೇಕ್ ಮೇಲಿರೋ ಕಾಲನ್ನಷ್ಟೇ ನೋಡಿದ್ದು. ಎಡಗಾಲು ಊಹೆ."

"ಎರಡು ಕಾಲೂ ಒಂದೇ ಥರ ಇರಲ್ಲ ಅಂತ ಗೊತ್ತಿಲ್ವಾ ನಿಮಗೆ?"

"ಬಂದೋರಿಗೆಲ್ಲ ನಾನೇ ಹೇಳೋ ಮಾತದು."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಹಾಳೆ ಹಾಸಿ, ಅವಳ ಎಡ ಪಾದವನ್ನು ಅದರ ಮೇಲಿಟ್ಟು, ಸುತ್ತ ಪೆನ್ಸಿಲ್ ಎಳೆಯತೊಡಗಿದ. ಗೆರೆ ಅಂಕುಡೊಂಕಾಗಿ ಹೋಯಿತು.

"ಗೆರೆ ಯಾಕೆ ಸೊಟ್ಟ ಹೋಗ್ತಿದೆ?"

"ಟೆಸ್ಟಲ್ಲೂ ಇಷ್ಟು ಸೊಟ್ಟ ಹೋಗಿರಲಿಲ್ಲ."

"ಸರಿಮಾಡೋಕೆ ಎಷ್ಟು ದಿನ ಬೇಕು?"

"ಎರಡು ದಿನ ಸಾಕು. ಒಂದು ವಾರ ಅಂತ ಸುಳ್ಳು ಹೇಳೋಣ ಅಂತಿದ್ದೆ. ನಿಮ್ಮನ್ನ ಒಂದು ಮಾತು ಕೇಳಬೇಕು. ಹೇಗೆ ಕೇಳೋದು ಅಂತ ಯೋಚನೆ ಮಾಡೋಕೆ ಟೈಮ್ ಬೇಕಿತ್ತು."

"ಹ್ಯಾಂಡ್‌ಬ್ರೇಕ್ ಹಾಕಿದ್ದೀರಾ?"

"ಹಾಕಿದ್ದೀನಿ."

"ಹಾಗಾದ್ರೆ ಎಲ್ಲಿ ಬೇಕಾದ್ರೂ ನೋಡಬಹುದು. ಕೇಳಿ."

ಅವನು ಪಾದದಿಂದ ಕಣ್ಣೆತ್ತಿ ಅವಳ ಮುಖ ನೋಡಿದ.

"ನನ್ನ ಮದುವೆ ಆಗ್ತೀರಾ?"

ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು ಥಟ್ಟನೆ ನಿಂತಿತು.

"ಎಡಗಾಲಿಂದು ಬೇಗ ಸರಿಮಾಡಿ," ಎಂದಳು ಅವಳು. "ಮದುವೆಗೆ ಕುಂಟ್ಕೊಂಡು ಬರೋಕಾಗಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಷ್ಟು ಹೊತ್ತೂ ಅವನ ಕೈ ಅವಳ ಪಾದದ ಮೇಲೇ ಇತ್ತು.