ಸಮುದ್ರ ಇವತ್ತು ಎಷ್ಟು ಡಿಗ್ರಿ?

ಚಾರ್ಮಾಡಿಯಿಂದ ಬಂದಿದ್ದ ಹೊಸ ಮದುಮಗಳು ನನ್ನ ಮೇಜಿನ ಮೇಲಿದ್ದ ಹ್ಯಾವ್‌ಲಾಕ್ ದ್ವೀಪದ ಫೋಟೋ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದಳು. "ಜನವರಿಯಲ್ಲಿ ಆ ನೀರು ಚಳಿ ಉಂಟಾ?"

ಗುರುವಾಯನಕೆರೆಯ ಟ್ರಾವೆಲ್ ಆಫೀಸಿಗೆ ನಾನು ಸೇರಿ ಆಗ ಬರೀ ಹತ್ತು ದಿನ. ಪಣಂಬೂರಿನಲ್ಲಿ ಮೊಣಕಾಲಿನವರೆಗೆ ಇಳಿದದ್ದೇ ನನ್ನ ಒಟ್ಟು ಸಮುದ್ರಜ್ಞಾನ. ಮಾನ ಉಳಿಸಿಕೊಳ್ಳಲು ಪ್ಯಾಕೇಜಿನ ಹಾಳೆಯ ಕೆಳಗಿದ್ದ ಡೈವಿಂಗ್ ಶಾಲೆಯ ನಂಬರಿಗೆ ಫೋನ್ ಮಾಡಿ, ಇದ್ದಬದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಕೇಳಿದೆ.

ಆ ಕಡೆಯಿಂದ ಅಚ್ಚ ತುಳುವಿನಲ್ಲಿ ಒಂದು ಗಂಡುದನಿ: "ನಿಮ್ಮ ಇಂಗ್ಲಿಷ್ ಬೆಳ್ತಂಗಡಿಯದ್ದಾ?"

ನನಗೆ ಮೈಯೆಲ್ಲ ಉರಿಯಿತು. "ಬೆಳ್ತಂಗಡಿಯದ್ದೇ. ನೀರು ಎಷ್ಟು ಡಿಗ್ರಿ ಹೇಳಿ."

"ಇಪ್ಪತ್ತೇಳು," ಎಂದು ನಕ್ಕ. "ನೀರ ಮೇಲೆ ತೇಲುತ್ತ ನೋಡುವ ಸ್ನಾರ್ಕೆಲಿಂಗ್‌ಗೆ ಟೀ ಶರ್ಟ್ ಸಾಕು. ಸ್ಕೂಬಾ ಆದ್ರೆ ಮುಕ್ಕಾಲು ಗಂಟೆ ಒಳಗೆ ಇರ್ಬೇಕಲ್ಲ, ನಿಧಾನಕ್ಕೆ ಚಳಿ ಹತ್ತುತ್ತದೆ. ವೆಟ್‌ಸೂಟ್ ಅಂತ ಮೈ ಬೆಚ್ಚಗಿಡುವ ಅಂಗಿ ನಾವು ಕೊಡ್ತೇವೆ. ನೀರಿಗೆ ಹೆದರ್ಬೇಡಿ, ಹೊರಗೆ ಬಂದ ಮೇಲಿನ ಗಾಳಿಗೆ ಹೆದರಿ."

ಅವನ ಹೆಸರು ರಂಜಿತ್. ಹುಟ್ಟಿ ಬೆಳೆದದ್ದು ಮುಂಬೈ. ಅಪ್ಪ ಅಮ್ಮ ಅಲ್ಲಿಯ ಹೋಟೆಲು ಮುಚ್ಚಿ ಈಗ ಬಂಟ್ವಾಳದಲ್ಲಿ ಮನೆ ಮಾಡಿದ್ದಾರೆ. ಇದನ್ನೆಲ್ಲ ಒಂದೇ ದಿನ ಕೇಳಿದೆನೆಂದು ತಿಳಿಯಬೇಡಿ. ಆ ಚಳಿಗಾಲವಿಡೀ ಗಿರಾಕಿ ಬಂದಾಗಲೆಲ್ಲ ಫೋನ್ ಮಾಡಿದೆ, ಬಾರದಿದ್ದಾಗಲೂ ಮಾಡಿದೆ.

"ಇಪ್ಪತ್ತೇಳು ಅಂದ್ರೆ ಇಲ್ಲಿಯವರಿಗೆ ಅರ್ಥ ಆಗುವುದಿಲ್ಲ ಮಾರಾಯ್ರೆ," ಎಂದೆ ಒಮ್ಮೆ. "ಹಂಡೆಯ ಬಿಸಿನೀರು ಬಿಟ್ಟು ಬೇರೆ ನೀರು ಮುಟ್ಟದ ಜನ."

"ಹಾಗಾದ್ರೆ ಅವರಿಗೆ ಗೊತ್ತಿರುವ ನೀರನ್ನೇ ಅಳೆಯಿರಿ."

ಮರುದಿನ ಬೆಳಿಗ್ಗೆ ಅಮ್ಮ ಕೋಳಿಮರಿಗಳಿಗೆ ಕಾವು ಕೊಡುವ ಪೆಟ್ಟಿಗೆಯಿಂದ ಥರ್ಮಾಮೀಟರ್ ಕದ್ದು, ಆಗಷ್ಟೇ ಸೇದಿದ ಬಾವಿನೀರಿನ ಕೊಡಪಾನದಲ್ಲಿ ಅದ್ದಿದೆ. ಇಪ್ಪತ್ತಾರೂವರೆ! ಮಂಜಿನಲ್ಲಿ ನಿಂತೇ ಫೋನ್ ಮಾಡಿದೆ. "ನಿಮ್ಮ ಸಮುದ್ರ ನಮ್ಮ ಬಾವಿಯ ಹಾಗೇ ಉಂಟು!"

"ಹಾಗಾದ್ರೆ ನೀವು ಇಲ್ಲಿಗೆ ಬಂದ್ರೆ ಹೊಸತು ಅನ್ನಿಸ್ಲಿಕ್ಕಿಲ್ಲ," ಎಂದ. ಮತ್ತೆ ದನಿ ತಗ್ಗಿಸಿ, "ಬನ್ನಿ ಒಮ್ಮೆ," ಎಂದ.

ಆ ಎರಡು ಮಾತನ್ನು ನಾನು ದಿನವಿಡೀ ನೆನಪಿಸಿಕೊಂಡು ನಕ್ಕೆ. ಕಂಪ್ಯೂಟರ್ ನೋಡಿ ಯಾಕೆ ನಗುತ್ತೀ ಎಂದು ಆಫೀಸಿನ ಯಜಮಾನರಾದ ಜಯಪ್ರಕಾಶ್ ಸರ್ ಎರಡು ಸಲ ಕೇಳಿದರು. ಮೆಚ್ಚಿದ್ದೆ, ಸುಳ್ಳೇಕೆ ಹೇಳಲಿ.

ಏಪ್ರಿಲ್‌ನಲ್ಲಿ ಒಂದು ಜೋಡಿ ಹ್ಯಾವ್‌ಲಾಕ್‌ನಿಂದ ಬಂದು ತಮ್ಮ ಡೈವಿಂಗ್ ಸರ್ಟಿಫಿಕೇಟ್ ತೋರಿಸಿತು. ಕೆಳಗೆ ಕಲಿಸಿದವನ ಪೂರ್ತಿ ಹೆಸರು ಇತ್ತು: ರಂಜಿತ್ ಬಂಗೇರ.

ಓದಿದವಳೇ ಅದನ್ನು ಮಗುಚಿ ಮೇಜಿನ ಮೇಲಿಟ್ಟೆ. ನನ್ನ ಬರಿಯೂ ಬಂಗೇರ. ಬರಿ ಎಂದರೆ ನಮ್ಮಲ್ಲಿ ಗೋತ್ರವಿದ್ದ ಹಾಗೆ. ಒಂದೇ ಬರಿಯ ಹುಡುಗ ಹುಡುಗಿ ಎಲ್ಲಿ ಹುಟ್ಟಿದ್ದರೂ ಅಣ್ಣ ತಂಗಿ. ಅದಕ್ಕೆ ಮನೆಯಲ್ಲಿ ಅಪೀಲೇ ಇಲ್ಲ.

ಮರುದಿನ ಫೋನಿನಲ್ಲಿ ಕಲ್ಲು ಮನಸ್ಸು ಮಾಡಿ ಕೇಳಿದೆ. "ರಂಜಿತಣ್ಣ, ಸಮುದ್ರ ಇವತ್ತು ಎಷ್ಟು ಡಿಗ್ರಿ?"

"ಇಪ್ಪತ್ತೊಂಬತ್ತು," ಎಂದಷ್ಟೇ ಹೇಳಿ ಅವನು ಫೋನಿಟ್ಟ.

ಮಳೆಗಾಲದಲ್ಲಿ ದ್ವೀಪಕ್ಕೆ ಹೋಗುವವರಿರಲಿಲ್ಲ, ಕೇಳಲು ನೆಪವೂ ಇರಲಿಲ್ಲ. ನವೆಂಬರಿನಿಂದ ಮತ್ತೆ ಕೇಳತೊಡಗಿದೆ, ಈಗ ಮೆಸೇಜಿನಲ್ಲಿ. ಅಣ್ಣ ಎಂದು ಬರೆಯುವಾಗಲೆಲ್ಲ ಬೆರಳು ತಡೆಯುತ್ತಿತ್ತು. ಉತ್ತರದಲ್ಲಿ ಒಂದು ಅಂಕಿ ಮಾತ್ರ ಬರುತ್ತಿತ್ತು. ಊಟ ಆಯಿತಾ ಎಂದು ಸಹ ಅವನು ಕೇಳುತ್ತಿರಲಿಲ್ಲ.

ಡಿಸೆಂಬರಿನ ಒಂದು ಗುರುವಾರ, ಸರ್ ಊಟಕ್ಕೆ ಹೋಗಿದ್ದಾಗ ಬಾಗಿಲು ತಳ್ಳಿಕೊಂಡು ಒಬ್ಬ ಬಂದ. ಬಿಸಿಲಿಗೆ ಕಂದಿದ ಮುಖ, ಡೈವಿಂಗ್ ಮಾಸ್ಕ್ ಹಾಕುವ ಜಾಗದಲ್ಲಿ ಮಾತ್ರ ಕಣ್ಣಿನ ಸುತ್ತ ಬಿಳಿ. ಹೆಸರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಬಾಯಿಗೆ ಬಂದದ್ದು ಮಾತ್ರ ಅದೇ ಹಳೇ ಪ್ರಶ್ನೆ.

"ಸಮುದ್ರ ಇವತ್ತು ಎಷ್ಟು ಡಿಗ್ರಿ?"

"ಗೊತ್ತಿಲ್ಲ. ನಾನು ಇಲ್ಲಿದ್ದೇನಲ್ಲ," ಎಂದು ಎದುರಿನ ಕುರ್ಚಿಯಲ್ಲಿ ಕೂತ. ಮೆಸೇಜಿನ ಪಕ್ಕ ಕಾಣುವ ಅವನ ಫೋಟೋಗಿಂತ ತೆಳ್ಳಗಿದ್ದ. ನಾನು ನೋಡಿದರೆ ಅವನು ಕ್ಯಾಲೆಂಡರ್ ನೋಡುತ್ತಿದ್ದ, ನಾನು ಕ್ಯಾಲೆಂಡರ್ ನೋಡಿದರೆ ಅವನು ನನ್ನನ್ನು ನೋಡುತ್ತಿದ್ದ.

"ಭಾನುವಾರ ಮೂಡುಬಿದಿರೆಗೆ ಹುಡುಗಿ ನೋಡ್ಲಿಕ್ಕೆ ಹೋಗ್ಬೇಕು," ಎಂದ. "ಒಪ್ಪಿಕೊಳ್ಳು ಅಂತ ಅಮ್ಮ ಹೇಳ್ತಿದ್ದಾರೆ. ಒಪ್ಪುವ ಮೊದಲು ನಿಮ್ಮ ಹತ್ರ ಒಂದು ಕೇಳ್ಬೇಕು. ನಾನೆಂಥ ತಪ್ಪು ಮಾಡಿದೆ ಸಾತ್ವಿಕಾ? ನಿನ್ನೆವರೆಗೆ ರಂಜಿತ್ ಆಗಿದ್ದವ ಬೆಳಗಾಗುವಾಗ ಅಣ್ಣ ಹೇಗೆ ಆದೆ?"

ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದೆ. "ನಿಮ್ಮ ತಪ್ಪಲ್ಲ. ನಿಮ್ಮದೂ ಬಂಗೇರ, ನನ್ನದೂ ಬಂಗೇರ. ಮತ್ತೆಂಥ ಮಾಡುವುದು?"

ಅವನ ಹುಬ್ಬು ಮೇಲೇರಿತು. "ಬಂಗೇರ ನನ್ನ ಸರ್‌ನೇಮ್ ಅಲ್ವಾ?"

"ಸರ್‌ನೇಮ್ ಅಂದ್ರೆ ಬರಿಯೇ ಅಲ್ವಾ?"

"ಅದು ಅಪ್ಪನದ್ದು. ಮುಂಬೈ ಶಾಲೆಯಲ್ಲಿ ಎಲ್ಲರಿಗೂ ಅಪ್ಪನ ಸರ್‌ನೇಮೇ ಬರೆಯುವುದು."

ಪೆನ್ನು ಕೈಯಿಂದ ಜಾರಿತು. ನಮ್ಮಲ್ಲಿ ಬರಿ ಬರುವುದು ತಾಯಿಯಿಂದ. ನನ್ನ ಹೆಸರಿನ ಮುಂದಿನ ಬಂಗೇರ ಅಮ್ಮನದು, ಅಜ್ಜಿಯದು. ಎಲ್ಲರೂ ಹಾಗೆಯೇ ಬರೆಯುತ್ತಾರೆಂದು ನಾನು ಲೆಕ್ಕ ಹಾಕಿದ್ದೆ.

"ನೀವು ಅಪ್ಪನ ಬರಿಯವರಲ್ಲ, ಅಮ್ಮನ ಬರಿಯವರು!" ಎಂದೆ. "ಅಪ್ಪ ಬಂಗೇರ ಆದ ಮೇಲೆ ಅಮ್ಮ ಬಂಗೇರ ಆಗ್ಲಿಕ್ಕೆ ಸಾಧ್ಯವೇ ಇಲ್ಲ. ಅವರಿಗೆ ಮದುವೆಯೇ ಆಗ್ತಿರ್ಲಿಲ್ಲ."

"ಅಂದ್ರೆ?"

"ಅಂದ್ರೆ ಎಂಟು ತಿಂಗಳು ನಾನು ಅತ್ತದ್ದೆಲ್ಲ ದಂಡ."

ಅವನು ಮೇಜಿನ ಮೇಲೆ ಬಾಗಿದ. ಕಣ್ಣಂಚಿನಲ್ಲಿ ನಗು ಸಣ್ಣಗೆ ಶುರುವಾಗಿತ್ತು. "ಅತ್ರಾ? ನನಗೋಸ್ಕರ?"

"ನಗ್ಬೇಡಿ."

"ನಗುವುದಲ್ಲ. ಬೋಟು ಹೊರಡುವ ಮೊದಲು ಒಬ್ಬನೇ ನೀರಿಗೆ ಇಳಿದು ಡಿಗ್ರಿ ನೋಡ್ತಿದ್ದೆ, ನೀವು ಕೇಳ್ತೀರಿ ಅಂತ. ಅಣ್ಣ ಅಂದ ಮೇಲೂ ಒಂದು ದಿನ ಬಿಡ್ಲಿಲ್ಲ. ನಾನು ಬೇರೆ ಯಾರನ್ನೂ ಒಪ್ಪಲಾರೆ ಸಾತ್ವಿಕಾ. ನೀವು?"

"ನಾನೂ," ಎಂದೆ. ದನಿ ಹೊರಟಿತೋ ಇಲ್ಲವೋ, ಅವನಿಗೆ ಕೇಳಿಸಿತು.

"ಹಾಗಾದ್ರೆ ನನ್ನ ಬರಿ ಯಾವುದು?"

"ನನಗೆ ಹೇಗೆ ಗೊತ್ತು? ನಿಮ್ಮ ಅಮ್ಮನ ಹತ್ರ ಕೇಳಿ."

ಅವನು ಅಲ್ಲೇ ಫೋನ್ ಮಾಡಿ ಸ್ಪೀಕರ್ ಹಾಕಿದ. ಆ ಕಡೆ ಮಿಕ್ಸಿಯ ಸದ್ದು.

"ಅಮ್ಮಾ, ನನ್ನ ಬರಿ ಯಾವುದು?"

ಮಿಕ್ಸಿ ನಿಂತಿತು. "ಸಾಲ್ಯಾನ್," ಎಂದರು ಹರಿಣಾಕ್ಷಿಯಮ್ಮ ನಿಧಾನಕ್ಕೆ. "ಮೂಡುಬಿದಿರೆ ಹುಡುಗಿಯ ಬರಿ ನಾನು ಯಾವಾಗಲೋ ವಿಚಾರಿಸಿ ಆಗಿದೆ. ನೀನು ಈಗ ಕೇಳ್ತಿರುವುದು ಯಾರಿಗೋಸ್ಕರ?"

ಅವನು ಕಿವಿಯವರೆಗೆ ಕೆಂಪಾದ. ನಲವತ್ತಡಿ ನೀರಿನಡಿ ಹೆದರದವ ಅಮ್ಮನ ಪ್ರಶ್ನೆಗೆ ಹೆದರಿ ನನ್ನ ಮುಖ ನೋಡಿದ.

"ಪಕ್ಕದಲ್ಲೇ ಇದ್ದಾಳಾ?" ಎಂದರು ಅವರು. "ಫೋನು ಅವಳಿಗೆ ಕೊಡು."

ಅವನು ಫೋನನ್ನು ನನ್ನ ಕಡೆ ಚಾಚಿದ. ನಾನು ಎದ್ದು ನಿಂತು, ಚೂಡಿದಾರದ ಶಾಲು ಸರಿಪಡಿಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡೆ.

"ಸಾತ್ವಿಕಾ ಅಂತ, ಅತ್ತೆ," ಎಂದೆ. "ಬಂಗೇರ ಬರಿ."